ಚಿಂದ್ವಿನ್ ದಡದಲ್ಲಿ ಉಳಿದ ಟ್ಯಾಂಕುಗಳು: 1942ರ ಬರ್ಮಾದಲ್ಲಿ ಸ್ಟುವರ್ಟ್

1942ರ ಮೇ 10ರ ಸಂಜೆ. ಬರ್ಮಾದ ಚಿಂದ್ವಿನ್ ನದಿಯ ಪೂರ್ವ ದಡದಲ್ಲಿ ಶ್ವೆಗ್ಯಿನ್ ಎಂಬ ಜಾಗ. ಸುತ್ತ ಕಡಿದಾದ ಗುಡ್ಡ, ನಡುವೆ ಬೋಗುಣಿಯಂಥ ತಗ್ಗು. ಬರ್ಮಾಕ್ಕೆ ನುಗ್ಗಿದ ಜಪಾನೀಯರೆದುರು ಹಿಂದೆ ಸರಿಯುತ್ತಿದ್ದ ಬ್ರಿಟಿಷ್ ಸೇನೆಯ ಟ್ಯಾಂಕು ದಳ, 7ನೇ ಆರ್ಮರ್ಡ್ ಬ್ರಿಗೇಡಿನ ಯೋಧರು ಆ ತಗ್ಗಿನಲ್ಲಿ ತಮ್ಮ ಟ್ಯಾಂಕುಗಳನ್ನು ತಮ್ಮ ಕೈಯಿಂದಲೇ ಹಾಳುಗೆಡವಿದರು. ಹಿಂದಿನ ಹನ್ನೊಂದು ವಾರಗಳಲ್ಲಿ ರಂಗೂನಿನಿಂದ ಇಲ್ಲಿಯವರೆಗೆ ಅವರನ್ನು ಹೊತ್ತು ತಂದಿದ್ದ ‘ಸ್ಟುವರ್ಟ್’ ಎಂಬ ಹಗುರ ಟ್ಯಾಂಕುಗಳು ಅವು. ಕೆಟ್ಟು ನಿಂತವಲ್ಲ, ಓಡುತ್ತಿದ್ದವು. ಅಂದು ಬೆಳಿಗ್ಗೆಯೂ ಹೋರಾಡಲು ಸಿದ್ಧವಾಗಿದ್ದವು. ನದಿಯ ಆಚೆ ದಡಕ್ಕೆ ಅವುಗಳನ್ನು ಸಾಗಿಸುವ ಉಪಾಯ ಮಾತ್ರ ಇರಲಿಲ್ಲ.

ಓಡುವ ಟ್ಯಾಂಕನ್ನು ದಡದಲ್ಲಿ ಬಿಟ್ಟು ಅದರ ಯೋಧ ಕಾಲ್ನಡಿಗೆಯಲ್ಲಿ ಇಂಫಾಲದ ದಾರಿ ಹಿಡಿಯುವ ಸ್ಥಿತಿ ಹೇಗೆ ಬಂತು? ಆ ಟ್ಯಾಂಕುಗಳು ಬರ್ಮಾದಲ್ಲಿ ಸೋತವೇ, ಗೆದ್ದವೇ? ಅಮೆರಿಕದಲ್ಲಿ ತಯಾರಾಗಿ ಬ್ರಿಟಿಷರ ಕೈಯಲ್ಲಿ ಯುದ್ಧ ಮಾಡಿದ ಹಗುರ ಟ್ಯಾಂಕುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲೇ ನಿಂತುಬಿಡುತ್ತಾರೆ. ಆ ಟ್ಯಾಂಕಿನ ನಿಜವಾದ ಗುಣ ಮತ್ತು ನಿಜವಾದ ಮಿತಿ ಎರಡೂ ಬಯಲಾದದ್ದು ಬರ್ಮಾದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಈ ಒಂದೇ ಬ್ರಿಗೇಡಿನ ಹನ್ನೊಂದು ವಾರಗಳನ್ನು ಇಲ್ಲಿ ಬಿಡಿಸಿ ನೋಡುತ್ತೇನೆ.

ಯಂತ್ರ

ಅಮೆರಿಕನ್ನರು ಅದನ್ನು ಎಂ3 ಹಗುರ ಟ್ಯಾಂಕ್ ಎಂದು ಕರೆದರು. 1941ರ ಮಾರ್ಚಿನಲ್ಲಿ, ಪೆನ್ಸಿಲ್ವೇನಿಯಾದ ಬರ್ವಿಕ್ ಪಟ್ಟಣದಲ್ಲಿ ರೈಲು ಬೋಗಿಗಳನ್ನು ಕಟ್ಟುತ್ತಿದ್ದ ಕಾರ್ಖಾನೆಯೊಂದರಲ್ಲಿ ಅದರ ತಯಾರಿಕೆ ಶುರುವಾಯಿತು. ಯುದ್ಧಸಾಮಗ್ರಿಯನ್ನು ಮಿತ್ರರಾಷ್ಟ್ರಗಳಿಗೆ ಕೊಡಲು ಅನುವು ಮಾಡಿಕೊಟ್ಟ ಲೆಂಡ್-ಲೀಸ್ ಕಾಯಿದೆಗೆ ಸಹಿ ಬಿದ್ದದ್ದೂ ಅದೇ ತಿಂಗಳ 11ರಂದು. ಆ ವರ್ಷದ ಆಗಸ್ಟ್ ಮುಗಿಯುವಷ್ಟರಲ್ಲಿ ಈ ಟ್ಯಾಂಕುಗಳು ಈಜಿಪ್ಟಿಗೆ ಬಂದಿಳಿದಿದ್ದವು. ಬ್ರಿಟಿಷರು ಅವಕ್ಕೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದ ಅಶ್ವದಳದ ಸೇನಾನಿ ಜೆ.ಇ.ಬಿ. ಸ್ಟುವರ್ಟನ ಹೆಸರಿಟ್ಟರು. ಯೋಧರು ತಾವಾಗಿಯೇ ಇನ್ನೊಂದು ಹೆಸರಿಟ್ಟುಕೊಂಡರು: ‘ಹನಿ’, ಅಂದರೆ ಜೇನು. ಮೊದಲ ಸಲ ಓಡಿಸಿ ನೋಡಿದ ಚಾಲಕನೊಬ್ಬನ ಬಾಯಿಂದ ಆ ಮಾತು ಬಂತು ಎಂಬ ಕಥೆಯಿದೆ.

ಆ ಚಾಲಕನ ಸಂತೋಷಕ್ಕೆ ಕಾರಣವಿತ್ತು. ವೇಗಕ್ಕೆಂದು ಕಟ್ಟಿದ, ಬ್ರಿಟಿಷರ ಆಗಿನ ಕ್ರೂಸರ್ ಟ್ಯಾಂಕುಗಳು ದಾರಿಯಲ್ಲೇ ಕೈಕೊಡುವುದಕ್ಕೆ ಹೆಸರಾಗಿದ್ದವು. ಶತ್ರುವಿನ ಮುಖ ನೋಡುವ ಮೊದಲೇ ನೀರಿನ ಪಂಪು ಸೋರಿ ಎಂಜಿನ್ ಕಾದು ನಿಂತುಬಿಡುತ್ತಿದ್ದವು. ಸ್ಟುವರ್ಟ್‌ನಲ್ಲಿ ನೀರಿನ ಪಂಪಿನ ಗೊಡವೆಯೇ ಇರಲಿಲ್ಲ. ವಿಮಾನಕ್ಕೆಂದು ರೂಪಿಸಿದ, ಏಳು ಸಿಲಿಂಡರುಗಳು ಚಕ್ರದ ಕಡ್ಡಿಗಳಂತೆ ಸುತ್ತಲೂ ಹರಡಿಕೊಂಡ, ಗಾಳಿಯಿಂದಲೇ ತಂಪಾಗುವ ಕಾಂಟಿನೆಂಟಲ್ ಎಂಜಿನ್ ಅದರದು. ಶಕ್ತಿ ಸುಮಾರು 250 ಅಶ್ವಶಕ್ತಿ. ಹದಿಮೂರು ಟನ್ನಿನ ಆಸುಪಾಸಿನ ಆ ಗಾಡಿ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 58 ಕಿ.ಮೀ. ಓಡುತ್ತಿತ್ತು. ರಬ್ಬರ್ ಗಟ್ಟಿಗಳನ್ನು ಪೋಣಿಸಿದ ಅದರ ಸರಪಳಿ ಪಟ್ಟಿಗಳು ಬೇಗ ಸವೆಯುತ್ತಿರಲಿಲ್ಲ, ಕಳಚಿ ಬೀಳುತ್ತಲೂ ಇರಲಿಲ್ಲ.

ಕೊರತೆಗಳ ಪಟ್ಟಿಯೂ ಚಿಕ್ಕದಲ್ಲ. ಫಿರಂಗಿ 37 ಮಿ.ಮೀ.ನದು, ಟ್ಯಾಂಕಿನ ಫಿರಂಗಿ ಎನ್ನಲು ಬಲು ಸಣ್ಣದು. ಎದುರು ಭಾಗದ ಕವಚದ ದಪ್ಪ ಬಹುಪಾಲು 38 ಮಿ.ಮೀ., ಪಕ್ಕದಲ್ಲಿ ಅದಕ್ಕಿಂತ ತೆಳುವು. ವಿಮಾನದ ದುಂಡು ಎಂಜಿನ್ನನ್ನು ಹಿಂಭಾಗದಲ್ಲಿ ಕೂರಿಸಿದ್ದರಿಂದ ಗಾಡಿಯ ಮೈ ಎತ್ತರವಾಯಿತು. ಎಂಜಿನ್ನಿನಿಂದ ಮುಂದಿನ ಗೇರ್ ಪೆಟ್ಟಿಗೆಗೆ ಹೋಗುವ ದಂಡ ನಾಲ್ವರು ಕೂರುವ ಜಾಗದ ನಡುವೆಯೇ ಹಾದುಹೋಯಿತು. ಫಿರಂಗಿಯನ್ನು ಹೊತ್ತ ಮೇಲಿನ ಗೋಪುರ ತಿರುಗಿದಾಗ ಅದರ ಜೊತೆ ತಿರುಗುವ ನೆಲವಿರಲಿಲ್ಲ. ಗುರಿಕಾರನೂ ಕಮಾಂಡರನೂ ಆ ದಂಡವನ್ನು ದಾಟಿಕೊಂಡು ಕಾಲು ಹಾಕಬೇಕಿತ್ತು. ಪೆಟ್ರೋಲ್ ಟ್ಯಾಂಕು ಚಿಕ್ಕದು, ಒಮ್ಮೆ ತುಂಬಿದರೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಮಾತ್ರ.

ಈ ಕೊರತೆಗಳ ಬೆಲೆಯನ್ನು ಮೊದಲು ತೆತ್ತದ್ದು ಲಿಬಿಯಾದಲ್ಲಿ. 1941ರ ನವೆಂಬರ್ 18ರಂದು ಶುರುವಾದ ಕ್ರುಸೇಡರ್ ಕಾರ್ಯಾಚರಣೆಗೆ 4ನೇ ಆರ್ಮರ್ಡ್ ಬ್ರಿಗೇಡು ಸುಮಾರು 165 ಸ್ಟುವರ್ಟ್‌ಗಳೊಂದಿಗೆ ಹೊರಟಿತು. ಮರುದಿನವೇ ಗಬ್ರ್ ಸಾಲೆಯಲ್ಲಿ ಜರ್ಮನ್ ಟ್ಯಾಂಕುಗಳಾದ ಪ್ಯಾಂಜರುಗಳು ಎದುರಾದವು. ಜರ್ಮನ್ ಫಿರಂಗಿಗಳು ದೂರದಿಂದ ಹೊಡೆಯುತ್ತಿದ್ದವು. ಸ್ಟುವರ್ಟ್ ತನ್ನ ಪುಟ್ಟ ಫಿರಂಗಿಯಿಂದ ಏನಾದರೂ ಸಾಧಿಸಬೇಕಿದ್ದರೆ ವೇಗವನ್ನೇ ನೆಚ್ಚಿ ಹತ್ತಿರಕ್ಕೆ ನುಗ್ಗಬೇಕಿತ್ತು, ಹಾಗೆ ನುಗ್ಗಿದವರಲ್ಲಿ ಎಷ್ಟೋ ಮಂದಿ ಮರಳಲಿಲ್ಲ. ಆ ದಿನಗಳಲ್ಲಿ ಸ್ಟುವರ್ಟ್‌ಗಳನ್ನು ನಡೆಸಿದವರಲ್ಲಿ ದಕ್ಷಿಣ ಆಫ್ರಿಕಾದ ಟೆಸ್ಟ್ ಬೌಲರ್ ಬಾಬ್ ಕ್ರಿಸ್ಪ್ ಒಬ್ಬರು. ಪ್ರಥಮ ದರ್ಜೆ ಕ್ರಿಕೆಟಿನಲ್ಲಿ ಸತತ ನಾಲ್ಕು ಎಸೆತಗಳಿಗೆ ನಾಲ್ಕು ವಿಕೆಟ್ ಕಿತ್ತ ಸಾಧನೆಯನ್ನು ಎರಡು ಸಲ ಮಾಡಿದವರು ಅವರು. ಟ್ಯಾಂಕಿನಲ್ಲೂ ಅಂಥ ಧೈರ್ಯವನ್ನೇ ತೋರಿದರು, ಗಾಯಗೊಂಡೂ ಬದುಕುಳಿದರು.

ಬರ್ಮಾಕ್ಕೆ ಹೋದ 7ನೇ ಬ್ರಿಗೇಡು ಆಗ ಸ್ಟುವರ್ಟ್‌ಗಳನ್ನು ಹೊಂದಿರಲಿಲ್ಲ. ಅದರ 7ನೇ ಹುಸಾರ್ಸ್ ಮತ್ತು 2ನೇ ರಾಯಲ್ ಟ್ಯಾಂಕ್ ರೆಜಿಮೆಂಟುಗಳು ಕ್ರೂಸರ್ ಟ್ಯಾಂಕುಗಳಲ್ಲಿ ಲಿಬಿಯಾದ ಸಿದಿ ರೆಜೆಗ್‌ನಲ್ಲಿ ಕಾದಾಡಿ, ಬಹುತೇಕ ಎಲ್ಲ ಟ್ಯಾಂಕುಗಳನ್ನೂ ಕಳೆದುಕೊಂಡು ಈಜಿಪ್ಟಿಗೆ ಮರಳಿದ್ದವು. ಅಲ್ಲಿ ಅವರ ಕೈಗೆ ಸ್ಟುವರ್ಟ್ ಬಂತು. ಪಳಗಿದ ಯೋಧರು ಮತ್ತು ನೆಚ್ಚಬಹುದಾದ ಯಂತ್ರ ಹೀಗೆ ಜೊತೆಗೂಡಿದ್ದು ಈ ಪ್ರಕರಣದ ಮೊದಲ ಮುಖ್ಯ ಸಂಗತಿ.

ತಪ್ಪಿದ ಗಮ್ಯ, ಖಾಲಿ ಬಂದರು

ಬ್ರಿಗೇಡನ್ನು ಹಡಗಿಗೆ ಹತ್ತಿಸಿದ್ದು ಬರ್ಮಾಕ್ಕೆಂದಲ್ಲ. ಜಪಾನ್ ಮಲಯದಲ್ಲಿ ಮುನ್ನುಗ್ಗುತ್ತಿತ್ತು, ಟ್ಯಾಂಕುಗಳು ಆ ಕಡೆಗೆ ಹೊರಟಿದ್ದವು. 1942ರ ಫೆಬ್ರುವರಿ 15ರಂದು ಸಿಂಗಪುರ ಶರಣಾಯಿತು. ಹಡಗುಗಳನ್ನು ರಂಗೂನಿನ ಕಡೆ ತಿರುಗಿಸಿದರು. ಫೆಬ್ರುವರಿ 21ರಂದು ಸುಮಾರು 115 ಸ್ಟುವರ್ಟ್‌ಗಳೊಂದಿಗೆ ಬ್ರಿಗೇಡು ಅಲ್ಲಿ ತಲುಪಿದಾಗ ಬಾಂಬಿನ ಭಯಕ್ಕೆ ಊರು ಖಾಲಿಯಾಗುತ್ತಿತ್ತು. ಬಂದರಿನಲ್ಲಿ ಕೂಲಿಯಾಳುಗಳಿರಲಿಲ್ಲ. ಟ್ಯಾಂಕ್ ಯೋಧರೇ ಕ್ರೇನುಗಳನ್ನು ನಡೆಸಿ ತಮ್ಮ ಗಾಡಿಗಳನ್ನು ಇಳಿಸಿಕೊಂಡರು.

ಇಲ್ಲಿ ಸ್ವಲ್ಪ ತಡೆದು ಒಂದು ವಿಷಯ ಹೇಳಬೇಕು. ಅದೇ ವಾರ ಚರ್ಚಿಲ್ ಆಸ್ಟ್ರೇಲಿಯಾದ 7ನೇ ಡಿವಿಷನ್ನನ್ನೂ ರಂಗೂನಿಗೆ ತಿರುಗಿಸಲು ಹೊರಟಿದ್ದರು. ತಮ್ಮ ದೇಶಕ್ಕೇ ಅಪಾಯ ಕಾದಿರುವಾಗ ಆ ಪಡೆ ಮನೆಗೆ ಮರಳಬೇಕೆಂದು ಆಸ್ಟ್ರೇಲಿಯಾದ ಪ್ರಧಾನಿ ಜಾನ್ ಕರ್ಟಿನ್ ಪಟ್ಟು ಹಿಡಿದರು. ಅವರ ನಿಲುವು ಸರಿಯೆಂದೇ ನನಗೆ ತೋರುತ್ತದೆ. ಆದರೆ ಅದರಿಂದಾಗಿ ಬರ್ಮಾಕ್ಕೆ ಟ್ಯಾಂಕು ಬಂತು, ಟ್ಯಾಂಕಿನ ಪಕ್ಕದಲ್ಲಿ ನಡೆಯಬೇಕಾದ ಹೊಸ ಕಾಲಾಳು ಪಡೆ ಆ ಪ್ರಮಾಣದಲ್ಲಿ ಬರಲಿಲ್ಲ. ಮುಂದಿನ ಹಲವು ಕಷ್ಟಗಳ ಬೇರು ಇದರಲ್ಲಿದೆ.

ಇದ್ದ ಕಾಲಾಳು ಪಡೆಯೂ ಎರಡೇ ದಿನಗಳಲ್ಲಿ ನುಚ್ಚುನೂರಾಯಿತು. ಫೆಬ್ರುವರಿ 23ರ ಬೆಳಗಿನ ಜಾವ ಸಿತ್ತಾಂಗ್ ನದಿಯ ಸೇತುವೆಯನ್ನು, ಜಪಾನೀಯರ ಕೈಗೆ ಸಿಗದಿರಲೆಂದು, ಬ್ರಿಟಿಷರೇ ಸ್ಫೋಟಿಸಿದರು. 17ನೇ ಭಾರತೀಯ ಡಿವಿಷನ್ನಿನ ಬಹುಪಾಲು ಆಗ ಆಚೆ ದಡದಲ್ಲೇ ಇತ್ತು. ಈಜಿಯೋ, ಬಿದಿರಿನ ತೆಪ್ಪ ಕಟ್ಟಿಕೊಂಡೋ ಈಚೆ ಬಂದು ಸೇರಿದ ಕಾಲಾಳುಗಳು ಸುಮಾರು 3,500. ಅವರ ಕೈಯಲ್ಲಿದ್ದ ಬಂದೂಕುಗಳು 1,400ರಷ್ಟು. ಬರಿಗಾಲಲ್ಲಿ, ತೊಟ್ಟ ಬಟ್ಟೆಯಲ್ಲಿ ಬಂದ ಆ ಗೂರ್ಖಾ, ಪಂಜಾಬಿ, ಡೋಗ್ರಾ ಸಿಪಾಯಿಗಳಿಗೂ ಜಪಾನೀ ಪಡೆಗೂ ನಡುವೆ ಅಡ್ಡ ನಿಲ್ಲುವುದೇ ಸ್ಟುವರ್ಟ್‌ಗಳ ಮೊದಲ ಕೆಲಸವಾಯಿತು. ಪೆಗು ಮತ್ತು ವಾವ್ ನಡುವಿನ ಬಯಲಿನಲ್ಲಿ ಅವು ಗಸ್ತು ತಿರುಗಿದವು. ಕೊಯ್ಲಾದ ಗದ್ದೆಗಳು ಒಣಗಿ ಕಲ್ಲಿನಂತಾಗಿದ್ದುದರಿಂದ ಟ್ಯಾಂಕು ಹೂತುಹೋಗುವ ಭಯವಿರಲಿಲ್ಲ, ಪ್ರತಿಯೊಂದು ಬದುವನ್ನು ಹತ್ತಿಳಿಯುವಾಗಲೂ ಒಳಗಿನವರ ಮೂಳೆ ಮಾತ್ರ ಹಣ್ಣಾಗುತ್ತಿತ್ತು.

ಮಾರ್ಚ್ ಮೊದಲ ವಾರದಲ್ಲಿ ಪೆಗುವಿನ ಉತ್ತರಕ್ಕೆ ಪಯಾಗ್ಯಿ ಬಳಿ ಜಪಾನಿನ ಟೈಪ್ 95 ಹಗುರ ಟ್ಯಾಂಕುಗಳು ಕಾಣಿಸಿಕೊಂಡವು. ಅವುಗಳ ಕವಚ 12 ಮಿ.ಮೀ. ಮಾತ್ರ. ಮರುಭೂಮಿಯಲ್ಲಿ ಕೆಲಸಕ್ಕೆ ಬಾರದೆಂದು ಎಲ್ಲರೂ ಬೈದಿದ್ದ 37 ಮಿ.ಮೀ. ಫಿರಂಗಿ ಇಲ್ಲಿ ಅವುಗಳನ್ನು ಸುಲಭವಾಗಿ ಸೀಳಿತು. ಟ್ಯಾಂಕಿಗೆ ಟ್ಯಾಂಕು ಎದುರಾದ ಕಾಳಗ ಬರ್ಮಾದ ಈ ಹಿಮ್ಮೆಟ್ಟುವಿಕೆಯಲ್ಲಿ ಹೆಚ್ಚೇನೂ ನಡೆಯಲಿಲ್ಲ, ನಡೆದಲ್ಲಿ ಸ್ಟುವರ್ಟ್ ಮೇಲುಗೈ ಸಾಧಿಸಿತು. ಅದನ್ನು ಇಷ್ಟಕ್ಕೇ ಬಿಡುತ್ತೇನೆ, ಏಕೆಂದರೆ ಬ್ರಿಗೇಡಿನ ಭವಿಷ್ಯವನ್ನು ನಿರ್ಧರಿಸಿದ್ದು ಟ್ಯಾಂಕುಗಳಲ್ಲ, ರಸ್ತೆತಡೆಗಳು.

ರಸ್ತೆತಡೆ

ಜಪಾನೀಯರ ವಿಧಾನ ಸರಳವಾಗಿತ್ತು. ಎದುರಿನಿಂದ ಒತ್ತಡ ಹೇರುತ್ತಲೇ, ಒಂದು ಪಡೆ ಕಾಡಿನ ಮೂಲಕ ಸುತ್ತಿ ಬಂದು ಬ್ರಿಟಿಷರ ಹಿಂದಿನ ರಸ್ತೆಯಲ್ಲಿ ಕೂರುತ್ತಿತ್ತು. ಮರಗಳನ್ನು ಕಡಿದು ಅಡ್ಡ ಹಾಕಿ, ಅಕ್ಕಪಕ್ಕ ಫಿರಂಗಿ ಮತ್ತು ಮಷಿನ್ ಗನ್ನುಗಳನ್ನು ಅಡಗಿಸಿಟ್ಟು ಕಾಯುತ್ತಿತ್ತು. ಬ್ರಿಟಿಷ್ ಪಡೆಯ ಬದುಕೆಲ್ಲ ಲಾರಿಯ ಮೇಲೆ ನಿಂತಿತ್ತು, ಲಾರಿಗೆ ರಸ್ತೆ ಬೇಕು. ರಸ್ತೆಯ ಒಂದು ಬಿಂದುವನ್ನು ಹಿಡಿದವನು ಇಡೀ ಡಿವಿಷನ್ನಿನ ಕುತ್ತಿಗೆ ಹಿಡಿದಂತೆ.

ಮಾರ್ಚ್ 7ರಂದು ರಂಗೂನನ್ನು ಖಾಲಿ ಮಾಡಿ ಉತ್ತರಕ್ಕೆ ಹೊರಟ ದಂಡು ಕೆಲವೇ ಗಂಟೆಗಳಲ್ಲಿ ಟೌಕ್‌ಚಾನ್ ಬಳಿ ಇಂಥ ತಡೆಗೆ ಸಿಕ್ಕಿಬಿತ್ತು. ಎರಡೇ ದಿನಗಳ ಹಿಂದೆ ಬರ್ಮಾ ಸೇನೆಯ ನಾಯಕತ್ವ ವಹಿಸಿಕೊಂಡಿದ್ದ ಜನರಲ್ ಹೆರಾಲ್ಡ್ ಅಲೆಕ್ಸಾಂಡರ್ ಕೂಡ ಆ ದಂಡಿನಲ್ಲಿದ್ದರು. 7ನೇ ಹುಸಾರ್ಸ್‌ನ ಟ್ಯಾಂಕುಗಳು ಕಾಲಾಳುಗಳೊಂದಿಗೆ ನುಗ್ಗಿ ನೋಡಿದವು, ತಡೆ ಮುರಿಯಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ತಡೆಯೇ ಇಲ್ಲ. ಜಪಾನಿನ 33ನೇ ಡಿವಿಷನ್ ಆ ರಸ್ತೆಯನ್ನು ದಾಟಿ ಪಶ್ಚಿಮದಿಂದ ರಂಗೂನಿಗೆ ನುಗ್ಗಬೇಕಿತ್ತು, ಅದು ದಾಟುವವರೆಗೆ ರಕ್ಷಣೆ ಕೊಡುವುದಷ್ಟೇ ತಡೆಯ ಉದ್ದೇಶವಾಗಿತ್ತು. ಊರಿನೊಳಗೆ ಬ್ರಿಟಿಷರು ಕಾದಾಡುತ್ತಾರೆಂದು ನಂಬಿದ್ದ ಜಪಾನೀ ಅಧಿಕಾರಿ ತನಗೆ ಬಂದ ಆದೇಶದಂತೆ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡ. ಬರ್ಮಾ ಸೇನೆ ಉಳಿದದ್ದು ಅಂದು ಅದೃಷ್ಟದಿಂದ, ಟ್ಯಾಂಕಿನಿಂದ ಅಲ್ಲ. ಇದನ್ನು ಮುಚ್ಚಿಡದೆ ಹೇಳಿದರೆ ಮಾತ್ರ ಮುಂದೆ ಟ್ಯಾಂಕಿಗೆ ಕೊಡುವ ಹೊಗಳಿಕೆಗೆ ತೂಕ ಬರುತ್ತದೆ.

ಶ್ವೆಡೌಂಗ್‌ನಲ್ಲಿ ಅದೃಷ್ಟವೂ ಇರಲಿಲ್ಲ. ಮಾರ್ಚ್ ಕೊನೆಯ ವಾರ ತೌಂಗೂದಲ್ಲಿ ಬ್ರಿಟಿಷರ ಮಿತ್ರರಾದ ಚೀನೀಯರ ಪಡೆ ಜಪಾನೀಯರ ಮುತ್ತಿಗೆಯಲ್ಲಿತ್ತು. ಅವರ ಮೇಲಿನ ಒತ್ತಡ ಇಳಿಸಲು, ಬ್ರಿಗೇಡಿಯರ್ ಜಾನ್ ಆನ್‌ಸ್ಟಿಸ್ ನಾಯಕತ್ವದಲ್ಲಿ ಟ್ಯಾಂಕು ಮತ್ತು ಕಾಲಾಳುಗಳ ಒಂದು ತುಕಡಿಯನ್ನು ಪ್ರೋಮ್‌ನಿಂದ ದಕ್ಷಿಣಕ್ಕೆ ಪೌಂಗ್‌ಡೆ ಕಡೆ ಕಳಿಸಿದರು. ಮರಳಿ ಬರುವ ದಾರಿಯಲ್ಲಿ ಶ್ವೆಡೌಂಗ್ ಪಟ್ಟಣವನ್ನು ಜಪಾನೀಯರು ಮತ್ತು ಅವರ ಜೊತೆಗಿದ್ದ ಬರ್ಮಾ ಸ್ವಾತಂತ್ರ್ಯ ಸೇನೆಯವರು ಹಿಡಿದಿದ್ದರು. ಮಾರ್ಚ್ 29 ಮತ್ತು 30ರಂದು ಒಂದಾದ ಮೇಲೆ ಒಂದು ತಡೆ, ಬೆಂಕಿ ಹತ್ತಿದ ಮನೆಗಳು, ಎರಡೂ ಬದಿಯಿಂದ ಗುಂಡು, ಮೇಲಿಂದ ವಿಮಾನಗಳ ದಾಳಿ. ಹಾದು ಬರುವಷ್ಟರಲ್ಲಿ ಹತ್ತು ಟ್ಯಾಂಕುಗಳು ಹೋದವು, ಸತ್ತವರು ಮತ್ತು ಗಾಯಗೊಂಡವರ ಸಂಖ್ಯೆ ಮುನ್ನೂರನ್ನು ಮೀರಿತು.

ಸ್ಟುವರ್ಟ್‌ನ ಕೊರತೆ ಇಲ್ಲಿ ಬೆತ್ತಲಾಯಿತು. ಅದರ ಫಿರಂಗಿಗೆ ಅಲ್ಲಿದ್ದದ್ದು ಮುಖ್ಯವಾಗಿ ಟ್ಯಾಂಕಿನ ಕವಚ ಭೇದಿಸುವ ಗಟ್ಟಿ ಗುಂಡು. ಮಣ್ಣಿನ ಗೋಡೆಯ ಹಿಂದೆ, ಬಿದಿರು ಮೆಳೆಯೊಳಗೆ ಅವಿತ ಸಿಪಾಯಿಗೆ ಆ ಗುಂಡು ನೇರವಾಗಿ ತಾಗಿದರಷ್ಟೇ ಉಂಟು, ಇಲ್ಲವಾದರೆ ಪಕ್ಕದಲ್ಲೇ ಹಾದುಹೋದರೂ ಏನೂ ಆಗದು. ಸಿಡಿಯುವ ಗುಂಡು ಬೇಕಿತ್ತು. ಅದಿಲ್ಲದೆ ಮಷಿನ್ ಗನ್ನೊಂದೇ ಆಸರೆ. ಟ್ಯಾಂಕು ತಡೆಯನ್ನು ಗುದ್ದಿ ದಾಟಬಲ್ಲದು, ಆದರೆ ಅದರ ಬೆನ್ನಿಗೇ ಬರುವ ಲಾರಿ ದಾಟಲಾರದು. ತಡೆಯ ಎರಡು ಪಕ್ಕಗಳನ್ನು ತೆರವುಗೊಳಿಸುವುದು ಕಾಲಾಳಿನ ಕೆಲಸ, ಆ ಕಾಲಾಳು ವಾರಗಟ್ಟಲೆ ನಿದ್ದೆಯಿಲ್ಲದೆ ನಡೆದು ಬಂದವನು.

ಗುಂಡು ಹೊಡೆಯದೆ ಮಾಡಿದ ಕೆಲಸ

ಆದರೂ ಆ ಸೇನೆ ಹೊರಬಂತು, ಟ್ಯಾಂಕುಗಳಿಲ್ಲದೆ ಅದು ಹೊರಬರುತ್ತಿರಲಿಲ್ಲ ಎಂದು ಅಲೆಕ್ಸಾಂಡರ್ ಅವರೂ ಮಾರ್ಚ್ ಮಧ್ಯದಿಂದ ಅಲ್ಲಿನ ಡಿವಿಷನ್ನುಗಳು ಒಟ್ಟು ಸೇರಿದ ಬರ್ಮಾ ಕೋರ್ ನಡೆಸಿದ ವಿಲಿಯಂ ಸ್ಲಿಮ್ ಅವರೂ ಒಪ್ಪಿದ್ದಾರೆ. ಫಿರಂಗಿ ಸಣ್ಣದು, ಕವಚ ತೆಳುವು, ರಸ್ತೆತಡೆಯಲ್ಲಿ ಅಸಹಾಯಕ. ಹಾಗಿದ್ದ ಮೇಲೆ ಅದು ಸೇನೆಯನ್ನು ಉಳಿಸಿದ್ದು ಹೇಗೆ?

ಮೊದಲನೆಯದಾಗಿ, ಮಾತು. ಬರ್ಮಾ ಕೋರ್‌ಗೆ ತನ್ನದೆನ್ನುವ ನೆಟ್ಟಗಿನ ಸಂಪರ್ಕ ವ್ಯವಸ್ಥೆ ಇರಲಿಲ್ಲ. ಪ್ರತಿಯೊಂದು ಸ್ಟುವರ್ಟ್‌ನಲ್ಲೂ ರೇಡಿಯೋ ಇತ್ತು, ಅದನ್ನು ಮರುಭೂಮಿಯಲ್ಲಿ ಬಳಸಿ ಪಳಗಿದವರೂ ಇದ್ದರು. ಎಷ್ಟೋ ಸಂದರ್ಭಗಳಲ್ಲಿ ಯಾವ ಪಡೆ ಎಲ್ಲಿದೆ, ಶತ್ರು ಎಲ್ಲಿದ್ದಾನೆ ಎಂಬ ಸುದ್ದಿ ಸ್ಲಿಮ್‌ಗೆ ತಲುಪಿದ್ದೇ ಟ್ಯಾಂಕುಗಳ ಮೂಲಕ. ಟ್ಯಾಂಕಿನ ಚರಿತ್ರೆ ಬರೆಯುವವರು ಫಿರಂಗಿಯ ಅಳತೆಗೆ ಪುಟಗಟ್ಟಲೆ ಕೊಡುತ್ತಾರೆ, ರೇಡಿಯೋಗೆ ಒಂದು ಸಾಲು ಕೊಡುತ್ತಾರೆ. ಬರ್ಮಾದ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ.

ಎರಡನೆಯದು, ಸುಮ್ಮನೆ ಓಡುತ್ತಿರುವ ಗುಣ. ರಂಗೂನ್ ಕೈಬಿಟ್ಟ ದಿನವೇ ಸಮುದ್ರದ ದಾರಿ ಮುಚ್ಚಿತು. ಮಾರ್ಚ್ 21 ಮತ್ತು 22ರಂದು ಮಾಗ್ವೆ ವಿಮಾನ ನೆಲೆಯ ಮೇಲೆ ಜಪಾನೀಯರು ಎರಗಿದ ಮೇಲೆ ಆಕಾಶವೂ ಅವರದಾಯಿತು. ಹೊಸ ಎಂಜಿನ್ ಇಲ್ಲ, ಹೊಸ ಪಟ್ಟಿ ಇಲ್ಲ, ಬದಲಿ ಟ್ಯಾಂಕು ಇಲ್ಲ. ಬೇಸಿಗೆಯ ಬಿಸಿಲಿಗೆ ಟ್ಯಾಂಕಿನ ಉಕ್ಕನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ಹಗಲಿಡೀ ಕಾವಲು, ರಾತ್ರಿಯಿಡೀ ಪ್ರಯಾಣ. ಅದೇ ರಸ್ತೆಗಳಲ್ಲಿ ಗಂಟುಮೂಟೆ ಹೊತ್ತ ಲಕ್ಷಾಂತರ ಭಾರತೀಯ ನಿರಾಶ್ರಿತರು ಮಕ್ಕಳನ್ನು ಎತ್ತಿಕೊಂಡು ಉತ್ತರಕ್ಕೆ ನಡೆಯುತ್ತಿದ್ದರು, ಅವರಲ್ಲಿ ಸಾವಿರಾರು ಮಂದಿ ದಾರಿಯಲ್ಲೇ ಉಳಿದರು. ಆ ಜನಸಾಗರದ ನಡುವೆ ತೆವಳಿಕೊಂಡು, ಬಿಡಿಭಾಗವಿಲ್ಲದೆ, ಸ್ಟುವರ್ಟ್‌ಗಳು ವಾರದ ಮೇಲೆ ವಾರ ಓಡಿದವು. ನೀರಿನ ಪಂಪು ಕೈಕೊಡುವ ಟ್ಯಾಂಕು ಈ ಜಾಗದಲ್ಲಿದ್ದಿದ್ದರೆ ಬ್ರಿಗೇಡು ಪ್ರೋಮ್ ತಲುಪುವ ಮೊದಲೇ ಕಾಲಾಳು ಪಡೆಯಾಗುತ್ತಿತ್ತು ಎಂದು ಹೇಳಲು ನನಗೆ ಅಳುಕಿಲ್ಲ.

ಮೂರನೆಯ ಸಂಗತಿಯನ್ನು ಯೆನಾಂಗ್ಯೌಂಗ್ ತೋರಿಸುತ್ತದೆ. ಏಪ್ರಿಲ್ 15ರಂದು ಅಲ್ಲಿನ ತೈಲಬಾವಿಗಳಿಗೆ ಬ್ರಿಟಿಷರೇ ಬೆಂಕಿಯಿಟ್ಟಿದ್ದರು. ಹೊಗೆ ಮುಸುಕಿದ ಆ ಊರಿನಲ್ಲಿ 1ನೇ ಬರ್ಮಾ ಡಿವಿಷನ್ ಸಿಕ್ಕಿಬಿತ್ತು. ಹಿಂದೆ ಪಿನ್ ಚೌಂಗ್ ಹೊಳೆ, ಅದರ ದಾಟುಗಡವು ಜಪಾನೀಯರ ಕೈಯಲ್ಲಿ. ಕುಡಿಯಲು ಹನಿ ನೀರಿಲ್ಲ. ನೆರವಿಗೆ ಬಂದದ್ದು ಸುನ್ ಲಿ-ಜೆನ್ ಎಂಬ ಸೇನಾಧಿಕಾರಿಯ ಚೀನೀ 38ನೇ ಡಿವಿಷನ್. ಅವರ ಬಳಿ ಟ್ಯಾಂಕೂ ಇರಲಿಲ್ಲ, ಫಿರಂಗಿಯೂ ಇರಲಿಲ್ಲ. ಸ್ಲಿಮ್ ಅಂದು ತೆಗೆದುಕೊಂಡ ತೀರ್ಮಾನ ಆ ಕಾಲದ ಬ್ರಿಟಿಷ್ ಸೇನೆಯಲ್ಲಿ ಸಾಧಾರಣದ್ದಲ್ಲ. ಆನ್‌ಸ್ಟಿಸ್ ಅವರ ಟ್ಯಾಂಕುಗಳನ್ನು ಸುನ್ ಅವರಿಗೆ ಬೆಂಬಲವಾಗಿ ಕಳಿಸಿದ್ದಲ್ಲದೆ ಅವರ ಅಧೀನಕ್ಕೇ ಒಪ್ಪಿಸಿದರು. ಸುನ್ ಓದಿದ್ದು ಅಮೆರಿಕದ ವರ್ಜೀನಿಯಾ ಸೈನಿಕ ಶಾಲೆಯಲ್ಲಿ. ಟ್ಯಾಂಕಿಗೆ ಹೆಸರು ಕೊಟ್ಟ ಸ್ಟುವರ್ಟ್ ಹುಟ್ಟಿದ್ದೂ ವರ್ಜೀನಿಯಾದಲ್ಲೇ. ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಟ್ಯಾಂಕನ್ನು ಇಂಗ್ಲಿಷ್ ಯೋಧರು ನಡೆಸಿ, ಚೀನೀ ಸೇನಾನಿಯ ಆದೇಶದಲ್ಲಿ, ಬರ್ಮಾದ ಒಣ ಹೊಳೆಯೊಂದರ ದಡದಲ್ಲಿ ಕಾದಾಡಿದರು. ಏಪ್ರಿಲ್ 19ರ ಹೊತ್ತಿಗೆ ಡಿವಿಷನ್ನಿನಲ್ಲಿ ಬದುಕುಳಿದವರು ಹೊರಬಂದರು. ಲಾರಿಗಳನ್ನು, ಫಿರಂಗಿಗಳನ್ನು ಬಿಟ್ಟು ಬರಬೇಕಾಯಿತು. ಗಾಯಾಳುಗಳಲ್ಲಿ ಎಷ್ಟು ಮಂದಿಯನ್ನು ಸಾಧ್ಯವೋ ಅಷ್ಟು ಮಂದಿಯನ್ನು ಟ್ಯಾಂಕುಗಳ ಬೆನ್ನ ಮೇಲೆ ಮಲಗಿಸಿಕೊಂಡು ತಂದರು.

ಈ ಹೊತ್ತಿಗೆ ಬ್ರಿಗೇಡು ಕಾಲಾಳುಗಳ ಜೊತೆ ಹೊಂದಿಕೊಂಡು ಕಾದಾಡುವುದನ್ನೂ ಕಲಿತಿತ್ತು. ಏಪ್ರಿಲ್ 28 ಮತ್ತು 29ರಂದು ಮಂಡಾಲೆಯ ದಕ್ಷಿಣಕ್ಕೆ ಕ್ಯೌಕ್‌ಸೆಯಲ್ಲಿ 48ನೇ ಬ್ರಿಗೇಡಿನ ಗೂರ್ಖಾಗಳು ಮತ್ತು 7ನೇ ಹುಸಾರ್ಸ್ ಸೇರಿ ಹಿಂಬದಿ ಕಾವಲು ನಿಂತರು. ಬೆಳುದಿಂಗಳಲ್ಲಿ ಮೇಲೇರಿ ಬಂದ ಜಪಾನೀಯರನ್ನು ಹತ್ತಿರಕ್ಕೆ ಬಿಟ್ಟುಕೊಂಡು ಹೊಡೆದರು, ಹಗಲಾದ ಮೇಲೆ ಟ್ಯಾಂಕುಗಳು ಮತ್ತು ಗೂರ್ಖಾಗಳು ಒಟ್ಟಾಗಿ ಮುಂದೆ ಹೋಗಿ ಅಡಗಿದವರನ್ನು ಹೊರದಬ್ಬಿದರು. ತಮ್ಮವರಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಮಾತ್ರ ಕಳೆದುಕೊಂಡು, ಗೊತ್ತುಪಡಿಸಿದ ಹೊತ್ತಿಗೆ ಸರಿಯಾಗಿ ಹಿಂದೆ ಸರಿದರು. ಶ್ವೆಡೌಂಗ್‌ನಲ್ಲಿ ಸೋತದ್ದೂ ಇದೇ ಟ್ಯಾಂಕು, ಇದೇ ಗುಂಡು. ವ್ಯತ್ಯಾಸವಾದದ್ದು ಪಕ್ಕದಲ್ಲಿದ್ದ ಕಾಲಾಳಿನಿಂದ ಮತ್ತು ಜಾಗವನ್ನು ಮೊದಲೇ ಆಯ್ದುಕೊಂಡದ್ದರಿಂದ.

ಆರು ಟನ್ನಿನ ಸೇತುವೆ

ಮಂಡಾಲೆಯ ಬಳಿ ಐರಾವತಿ ನದಿಗೆ ಆಗ ಇದ್ದದ್ದು ಒಂದೇ ಸೇತುವೆ, ಆವಾ ಸೇತುವೆ. ನಡುವೆ ರೈಲು, ಎರಡು ಬದಿಗೆ ಚಾಚಿದ ಅಟ್ಟಣೆಗಳ ಮೇಲೆ ರಸ್ತೆ. ಆ ರಸ್ತೆಗೆ ನಿಗದಿಯಾಗಿದ್ದ ಗರಿಷ್ಠ ತೂಕ ಆರು ಟನ್. ಸ್ಟುವರ್ಟ್‌ನ ತೂಕ ಅದರ ಎರಡು ಪಟ್ಟಿಗೂ ಹೆಚ್ಚು. ಟ್ಯಾಂಕುಗಳನ್ನು ಈಚೆ ದಡದಲ್ಲಿ ಬಿಟ್ಟುಬಿಡಬೇಕೇ ಎಂಬ ಪ್ರಶ್ನೆ ಎದ್ದಿತು. ಸ್ಲಿಮ್ ಸೇತುವೆ ಕಟ್ಟಿದವರು ಯಾರೆಂದು ವಿಚಾರಿಸಿದರು. ಹೆಸರಾಂತ ಬ್ರಿಟಿಷ್ ಸಂಸ್ಥೆಯೆಂದು ತಿಳಿಯಿತು. ಅಂಥವರು ಕಾಗದದಲ್ಲಿ ಬರೆದುದಕ್ಕಿಂತ ದುಪ್ಪಟ್ಟು ಭಾರ ತಾಳುವಂತೆ ಕಟ್ಟಿರುತ್ತಾರೆ ಎಂಬುದು ಅವರ ಅನುಭವ. ಟ್ಯಾಂಕುಗಳು ಒಂದೊಂದಾಗಿ ಹೋಗಲಿ ಎಂದರು. ಮೊದಲ ಟ್ಯಾಂಕು ಸಾಗುವಾಗ ಎಲ್ಲರ ಕಣ್ಣೂ ಆ ಅಟ್ಟಣೆಯ ಮೇಲೆಯೇ ಇತ್ತು. ಸೇತುವೆ ತಡೆಯಿತು. ಎಲ್ಲ ಟ್ಯಾಂಕುಗಳೂ ದಾಟಿದವು. ಏಪ್ರಿಲ್ 30ರ ನಡುರಾತ್ರಿ ಅದೇ ಸೇತುವೆಯನ್ನು ಸ್ಫೋಟಿಸಿದರು.

ಈ ಸಣ್ಣ ಘಟನೆಯಲ್ಲಿ ಇಡೀ ಪ್ರಕರಣದ ತಿರುಳಿದೆ ಎಂದು ನನಗೆ ಅನಿಸುತ್ತದೆ. ಹದಿಮೂರು ಟನ್ನಿನದಾದ್ದರಿಂದಲೇ ಸ್ಟುವರ್ಟ್ ಆವಾ ದಾಟಿತು. ಅದರ ಎರಡರಷ್ಟು ತೂಗುವ ಟ್ಯಾಂಕಾಗಿದ್ದರೆ ಎಂಥ ಕುಶಲ ಎಂಜಿನಿಯರನ ಸೇತುವೆಯೂ ಅಲ್ಲಿ ಸಾಕಾಗುತ್ತಿರಲಿಲ್ಲ. ಹಗುರವಾಗಿರುವುದಕ್ಕೆ ಮರುಭೂಮಿಯಲ್ಲಿ ಜೀವಗಳನ್ನು ತೆತ್ತಿದ್ದ ಟ್ಯಾಂಕು, ಇಲ್ಲಿ ಅದೇ ಕಾರಣಕ್ಕೆ ಉಳಿಯಿತು.

ಮುಂದಿನ ನದಿಗೆ ಸೇತುವೆಯೇ ಇರಲಿಲ್ಲ.

ಮೇ 1ರಂದು ಮೋನಿವಾ ಜಪಾನೀಯರ ವಶವಾಯಿತು. ಚಿಂದ್ವಿನ್ ಉದ್ದಕ್ಕೂ ದೋಣಿಗಳಲ್ಲಿ ಮೇಲಕ್ಕೆ ಬಂದು ಬ್ರಿಟಿಷರ ದಾರಿಯನ್ನು ಕಡಿಯಲು ಅವರಿಗೆ ಅವಕಾಶ ಸಿಕ್ಕಿತು. ಸ್ಲಿಮ್ ಪಡೆಗೆ ಉಳಿದದ್ದು ಯೆ-ಯುವಿನಿಂದ ಶ್ವೆಗ್ಯಿನ್‌ಗೆ ಹೋಗುವ ಕಾಡಿನ ಗಾಡಿದಾರಿ, 150 ಕಿ.ಮೀ.ಗೂ ಹೆಚ್ಚು. ಮರಳು ತುಂಬಿದ ಹಳ್ಳಗಳು, ಮರದ ಕಿರುಸೇತುವೆಗಳು, ಇಕ್ಕಟ್ಟಿನ ತಿರುವುಗಳು. ಮುಂಗಾರು ಒಡೆದರೆ ಆ ದಾರಿ ಕೆಸರಿನ ಹೊಂಡ, ಅದಕ್ಕೆ ಉಳಿದಿದ್ದದ್ದು ಕೆಲವೇ ದಿನಗಳು. ಸ್ಟುವರ್ಟ್‌ಗಳು ಆ ದಾರಿಯನ್ನೂ ಮುಗಿಸಿ ಶ್ವೆಗ್ಯಿನ್ ಮುಟ್ಟಿದವು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಒಂದು ಯಂತ್ರಕ್ಕೆ ಬೇಕೆಂದು ನನಗೆ ತೋರುವುದಿಲ್ಲ.

ಅಲ್ಲಿಂದ ಆಚೆ ದಡದ ಕಲೇವಾಗೆ ಕೆಲವೇ ಉಗಿದೋಣಿಗಳಿದ್ದವು. ಅವು ಒಂದು ಸಲಕ್ಕೆ ನೂರಾರು ಜನರನ್ನು ಒಯ್ಯಬಲ್ಲವು, ಗಾಡಿಗಳನ್ನಾದರೆ ಒಂದೆರಡು ಮಾತ್ರ. ಸ್ಲಿಮ್ ಮೊದಲು ಕಳಿಸಿದ್ದು ಗಾಯಾಳುಗಳನ್ನು ಮತ್ತು ಜನರನ್ನು. ಅದು ಸರಿಯಾದ ಆಯ್ಕೆ. ಮೇ 10ರ ನಸುಕಿನಲ್ಲಿ ಜಪಾನೀಯರು ಗುಡ್ಡಗಳ ಮೇಲಿಂದ ಗುಂಡಿನ ಮಳೆ ಸುರಿಸಿದ ಮೇಲೆ ದೋಣಿಗಳು ಆ ದಡಕ್ಕೆ ಬರುವುದೇ ಕಷ್ಟವಾಯಿತು. ದಿನವಿಡೀ ಗೂರ್ಖಾಗಳು ತಗ್ಗಿನ ಅಂಚನ್ನು ಹಿಡಿದು ನಿಂತರು. ಕತ್ತಲಾಗುವ ಮುನ್ನ ಉಳಿದ ಮದ್ದುಗುಂಡನ್ನೆಲ್ಲ ಶತ್ರುವಿನ ಮೇಲೆ ಸುರಿದು, ಫಿರಂಗಿಗಳನ್ನು ಮತ್ತು ಟ್ಯಾಂಕುಗಳನ್ನು ನಾಶಮಾಡಿ, ನದಿಯ ದಡದ ಕಡಿದಾದ ಕಾಲುದಾರಿಯಲ್ಲಿ ಉತ್ತರಕ್ಕೆ ನಡೆದು ಹೋದರು. ಎರಡು ದಿನಗಳಲ್ಲಿ ಮುಂಗಾರು ಮಳೆ ಶುರುವಾಯಿತು.

ಹೀಗೆ ನೋಡಿದರೆ ಶ್ವೆಗ್ಯಿನ್‌ನಲ್ಲಿ ಬ್ರಿಗೇಡು ಮುಗಿದದ್ದಕ್ಕೆ ಸ್ಟುವರ್ಟ್ ಕಾರಣವಲ್ಲ. ಭಾರತದಿಂದ ಬರ್ಮಾಕ್ಕೆ ಟ್ಯಾಂಕು ಸಾಗುವಂಥ ಒಂದು ರಸ್ತೆಯನ್ನೂ ಕಟ್ಟಿರದ, ಆ ಗಡಿಯಲ್ಲಿ ಯುದ್ಧ ಬರಬಹುದೆಂದು ಯೋಚಿಸಿಯೇ ಇರದ ವರ್ಷಗಳ ಅಲಕ್ಷ್ಯ ಅದಕ್ಕೆ ಕಾರಣ. ರಂಗೂನ್ ಒಂದೇ ಬಾಗಿಲು ಎಂದುಕೊಂಡಿದ್ದವರಿಗೆ, ಆ ಬಾಗಿಲು ಮುಚ್ಚಿದ ದಿನವೇ ಈ ಟ್ಯಾಂಕುಗಳ ಅಂತ್ಯ ಬರೆದಾಗಿತ್ತು.

ದಾಟಿದ ಒಂದು

ಒಂದೇ ಒಂದು ಸ್ಟುವರ್ಟ್ ಚಿಂದ್ವಿನ್ ದಾಟಿತು. ಅದರ ಹೆಸರು ‘ಕರ್ಸ್ ಆಫ್ ಸ್ಕಾಟ್ಲೆಂಡ್’. ಇಸ್ಪೀಟಿನ ಡೈಮಂಡ್ ಒಂಬತ್ತಕ್ಕೆ ಬ್ರಿಟನ್ನಿನಲ್ಲಿ ಹಿಂದಿನಿಂದ ಇರುವ ಹೆಸರು ಅದು. ಇಂಫಾಲ ಸೇರಿದ ಆ ಟ್ಯಾಂಕಿನ ಗೋಪುರ ತೆಗೆದು ಅದನ್ನು ಭಾರತೀಯ ಸೇನೆಯ 7ನೇ ಲೈಟ್ ಕ್ಯಾವಲ್ರಿಯ ಕಮಾಂಡ್ ವಾಹನವಾಗಿ ಮಾಡಿದರು. ಮರಳಿ ಬರ್ಮಾವನ್ನು ಗೆದ್ದ ಪಡೆಗಳೊಂದಿಗೆ ಅದೂ ಹೋಯಿತು. ಇತ್ತ ಜಪಾನೀಯರೂ ಕೈಗೆ ಸಿಕ್ಕ ಸ್ಟುವರ್ಟ್‌ಗಳನ್ನು ಬಿಡಲಿಲ್ಲ. 1944ರಲ್ಲಿ ಇಂಫಾಲದ ಮೇಲೆ ಬಂದ ಅವರ 14ನೇ ಟ್ಯಾಂಕ್ ರೆಜಿಮೆಂಟಿನಲ್ಲಿ ಅಂಥವು ಇದ್ದವು.

7ನೇ ಕ್ಯಾವಲ್ರಿಯ ಬಳಿ ಸ್ವಾತಂತ್ರ್ಯದ ನಂತರವೂ ಸ್ಟುವರ್ಟ್‌ಗಳಿದ್ದವು. 1948ರಲ್ಲಿ ಲಡಾಖಿನ ದಾರಿಯ ಜೋಜಿ ಲಾ ಕಣಿವೆಮಾರ್ಗವನ್ನು ಪಾಕಿಸ್ತಾನದ ಕಡೆಯವರು ಹಿಡಿದು ಕೂತಿದ್ದರು, ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ವಿಫಲವಾಗಿತ್ತು. 3,500 ಮೀಟರ್ ಎತ್ತರದ ಆ ಕಣಿವೆಗೆ ಟ್ಯಾಂಕು ತರುವ ಯೋಜನೆಯ ಹಿಂದೆ ನಮ್ಮ ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಇದ್ದರು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಜಮ್ಮುವಿನಿಂದ ಶ್ರೀನಗರದ ದಾರಿ ಹಿಡಿದಾಗ, ದುರ್ಬಲ ಸೇತುವೆಗಳಿಗಾಗಿ ಮತ್ತು ಗುಟ್ಟು ಕಾಯುವುದಕ್ಕಾಗಿ ಅವುಗಳ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ದಾರಿ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನ ಯೋಧರು ಶತ್ರುವಿನ ಗುಂಡಿನ ಕೆಳಗೇ ಅದನ್ನು ಅಗೆದು, ಬಂಡೆ ಒಡೆದು, ಟ್ಯಾಂಕು ಹೋಗುವಷ್ಟು ಅಗಲ ಮಾಡಿದರು. ಮೊದಲು ದಾರಿ ಸಿದ್ಧವಾಯಿತು. ಆಮೇಲೆ, ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗ ಸ್ಟುವರ್ಟ್‌ಗಳು ಜೋಜಿ ಲಾ ಏರಿದವು.